ಸಾಕಮ್ಮನ ನಾಮಕರಣ

ಮಗಳು ಹುಟ್ಟಿದ್ದು ಶತಭಿಷಾ ನಕ್ಷತ್ರ, ಎರಡನೇ ಪಾದ. ಪುರೋಹಿತರು ಪಂಚಾಂಗ ಮಡಚುತ್ತಾ ‘ಸಾ ಅಕ್ಷರ’ ಅಂದದ್ದೇ ತಡ, ನನ್ನ ತಲೆಯೊಳಗೆ ಅಜ್ಜಿ ಎದ್ದು ಕೂತಳು. ಸಾಕಮ್ಮ! ತಿಪಟೂರಿನ ಕಡೆ ತೆಂಗಿನ ತೋಟ ನೋಡಿಕೊಂಡಿದ್ದ ನಮ್ಮಪ್ಪನ ತಾಯಿ. ಆಕೆ ಹೋದ ಮೇಲೆ ವಂಶದಲ್ಲಿ ಯಾರೂ ಆ ಹೆಸರಿಟ್ಟಿರಲಿಲ್ಲ. ಯಾಕೆ ಇಟ್ಟಿಲ್ಲ ಅಂತ ಒಬ್ಬರನ್ನಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಹೆಂಡತಿ ಏಳು ತಿಂಗಳಿಗೇ ಸಾನ್ವಿ ಎಂದು ನಿಶ್ಚಯಿಸಿದ್ದಳು.

‘ನಮ್ಮ ಅಪಾರ್ಟ್‌ಮೆಂಟಲ್ಲೇ ಮೂರು ಸಾನ್ವಿ ಇದ್ದಾರೆ’ ಅಂದೆ.

‘ಒಬ್ಬಳೂ ಸಾಕಮ್ಮ ಇಲ್ಲ. ಯಾಕೆ ಅಂತ ಯೋಚಿಸಿ.’

ನಾನು ಇತಿಹಾಸಕ್ಕೆ ಕೈಹಾಕಿದೆ. ಬೆಂಗಳೂರಿನಲ್ಲಿ ಕಾಫಿಪುಡಿ ಕಾರ್ಖಾನೆ ನಡೆಸಿ ಹೆಸರಾದ ಸಾಕಮ್ಮನವರ ಕಥೆ ತೆಗೆದೆ. ಮೂರು ಹೊತ್ತೂ ಇನ್‌ಸ್ಟಂಟ್ ಕಾಫಿ ಕುಡಿಯೋರು ಅವರ ಹೆಸರೆತ್ತಬಾರದು ಎಂದಳು. ಪುಟ್ಟಪ್ಪ ಅನ್ನೋ ಹೆಸರಲ್ಲೇ ಕುವೆಂಪು ಜ್ಞಾನಪೀಠ ತಗೊಳ್ಳಲಿಲ್ವೇ ಅಂದೆ. ‘ತಗೊಂಡ್ರು. ಮಗನಿಗೆ ಮಾತ್ರ 1938ರಲ್ಲೇ ಪೂರ್ಣಚಂದ್ರ ತೇಜಸ್ವಿ ಅಂತ ಇಟ್ರು.’

ಬಾಣಂತಿಯ ಜೊತೆ ವಾದಕ್ಕಿಳಿದು ಗೆದ್ದವನಿಲ್ಲ. ಕಳ್ಳದಾರಿ ಹಿಡಿದೆ. ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ನನ್ನ ತಂಗಿ. ಒಂದು ಮೈಸೂರು ಸಿಲ್ಕ್ ಸೀರೆಗೆ ಅವಳು ಒಪ್ಪಿದಳು. ತೊಟ್ಟಿಲು ಶಾಸ್ತ್ರದ ದಿನ ಕಿವಿಯಲ್ಲಿ ಮೂರು ಸಲ ಉಸುರಿ, ಗಟ್ಟಿಯಾಗಿ ‘ಸಾಕಮ್ಮ’ ಎಂದು ಸಾರಿಯೂ ಬಿಟ್ಟಳು. ಅಕ್ಕಿ ತಟ್ಟೆಯ ಮೇಲೆ ಉಂಗುರದಲ್ಲಿ ಅದನ್ನು ಬರೆಯುವಾಗ ನಾನು ಹೆಂಡತಿಯ ಮುಖದ ಕಡೆ ನೋಡಲಿಲ್ಲ. ಅಕ್ಕಿಯನ್ನೇ ನೋಡಿದೆ. ಸೋನಾ ಮಸೂರಿ.

ಫಜೀತಿ ಶುರುವಾದದ್ದು ಊಟದ ಪಂಕ್ತಿಯಲ್ಲಿ. ಮಗು ಅಳತೊಡಗಿತು. ಎಲೆ ಮುಂದೆ ಕೂತಿದ್ದ ನೆಂಟರೆಲ್ಲ ಪ್ರೀತಿಯಿಂದ ‘ಸಾಕಮ್ಮಾ, ಸಾಕಮ್ಮಾ’ ಎಂದು ಕರೆದರು. ಪಾಯಸದ ಬಕೆಟ್ಟು ಹಿಡಿದು ಬರುತ್ತಿದ್ದ ಹೆಂಗಸು ‘ಆಯ್ತು ಸ್ವಾಮಿ’ ಎಂದು ಸೌಟು ಹಿಂದಕ್ಕೆಳೆದು ಮುಂದೆ ನಡೆದಳು. ಅಲ್ಲೂ ಸಾಕಮ್ಮಾ. ನಮ್ಮ ಮಾವನವರ ಎಲೆಗೆ ಪಾಯಸವೂ ಬೀಳಲಿಲ್ಲ, ಹೋಳಿಗೆಯೂ ಬೀಳಲಿಲ್ಲ. ಅವರಿನ್ನೂ ಅದನ್ನು ಮರೆತಿಲ್ಲ.

ಕೈತೊಳೆದು ಬಂದು, ಎಲೆ ಅಡಿಕೆ ಹಾಕುತ್ತಿದ್ದ ಮುದಿ ಅತ್ತೆಯ ಮುಂದೆ ಬೀಗಿದೆ. ‘ಹೇಗೆ ಅತ್ತೆ, ನಿಮ್ಮವ್ವನ ಹೆಸರು ಉಳಿಸಿದೆ!’

ಅತ್ತೆ ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿದರು. ‘ಲೋ, ಅವ್ವ ಐದನೇ ಹೆಣ್ಣು ಕಣೋ. ಇನ್ನು ಹೆಣ್ಣು ಸಾಕಮ್ಮ ತಾಯಿ ಅಂತ ದೇವಿಗೆ ಕೈಮುಗಿದು ಇಟ್ಟ ಹೆಸರು. ಹೊಸಬರು ಯಾರಾದ್ರೂ ಕೇಳಿದ್ರೆ ಅವ್ವ ಸಾವಿತ್ರಿ ಅಂತ ಹೇಳ್ಕೊಳ್ತಿದ್ಲು.’

ಗುಂಡ, ಕಲ್ಲ, ತಿಪ್ಪಯ್ಯ ಎಂಬುವೆಲ್ಲ ಕೂಸುಗಳು ನಿಲ್ಲದ ಮನೆಯಲ್ಲಿ ಇದೊಂದಾದರೂ ಉಳಿಯಲಿ, ಯಮನ ಕಣ್ಣು ಬೀಳದಿರಲಿ ಎಂದು ಇಟ್ಟ ಹೆಸರುಗಳು ಎಂದು ವಾರವಿಡೀ ಮನೆಯವರಿಗೆ ಉಪನ್ಯಾಸ ಕೊಟ್ಟವನು ನಾನು. ಸಾಕಮ್ಮ ಅಂದರೆ ಸಾಕಿ ಸಲಹುವವಳು ಎಂದು ಅರ್ಥವನ್ನೂ ಹಚ್ಚಿದ್ದೆ. ಹೆಂಡತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಒಂದು ಮಾತೂ ಆಡಲಿಲ್ಲ. ಅದು ಇನ್ನೂ ಕಷ್ಟ.

ಜನನ ಪ್ರಮಾಣಪತ್ರಕ್ಕೆ ಮಗುವಿನ ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ. ನಾನು ಮರುವಾರವೇ ಹೋಗಿ ಸಾನ್ವಿ ಎಂದು ಬರೆಸಿ ಬಂದೆ. ಸೀರೆಯನ್ನು ತಂಗಿ ವಾಪಸು ಕೊಡಲಿಲ್ಲ.

ಈಗ ರಾತ್ರಿ ಎರಡು ಗಂಟೆಗೆ ನಾಲ್ಕನೇ ಸಾನ್ವಿ ರಚ್ಚೆ ಹಿಡಿಯುತ್ತಾಳೆ. ಹೆಂಡತಿ ತೊಟ್ಟಿಲು ತೂಗುತ್ತಾ ‘ಸಾಕಮ್ಮ, ಸಾಕಮ್ಮ, ಮಲಕ್ಕೋ’ ಅನ್ನುತ್ತಾಳೆ. ನಾನು ಗೋಡೆ ಕಡೆ ತಿರುಗಿ, ನಿದ್ದೆ ಬಂದವನ ಹಾಗೆ ಬಿದ್ದಿರುತ್ತೇನೆ.