ಐದಕ್ಕಿಟ್ಟರೆ ಬೇಗ ಕಾಯುವುದಿಲ್ಲ

ಇಂಗ್ಲೆಂಡಿನ ಮನೆಗಳಲ್ಲಿ ಸಾಮಾನ್ಯವಾಗಿ ಕೋಣೆಗೊಂದು ರೇಡಿಯೇಟರ್. ಗ್ಯಾಸ್ ಬಾಯ್ಲರ್ ಕಾಯಿಸಿದ ನೀರು ಕೊಳವೆಗಳಲ್ಲಿ ಹರಿದು, ರೇಡಿಯೇಟರುಗಳನ್ನೆಲ್ಲ ಹಾದು, ಬಿಸಿ ಕಳೆದುಕೊಂಡು ಮರಳುತ್ತದೆ. ರೇಡಿಯೇಟರಿನ ಬುಡದಲ್ಲಿ ಆಚೆಗೊಂದು ಈಚೆಗೊಂದು ವಾಲ್ವ್. ಒಂದರ ಗುಂಡಿಯ ಮೇಲೆ 1ರಿಂದ 5ರವರೆಗೆ ಅಂಕಿಗಳಿರುತ್ತವೆ. ಅಲ್ಲಿನ ಕನ್ನಡ ಸಂಸಾರಗಳ ಚಳಿಗಾಲದ ವ್ಯಾಜ್ಯಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಈ ಅಂಕಿಗಳಿಂದಲೇ.

ಆರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದ ಮಾವನವರ ಕಣ್ಣಿಗೆ ಅದು ಫ್ಯಾನ್ ರೆಗ್ಯುಲೇಟರ್: ಐದು ಎಂದರೆ ಜೋರು, ಒಂದು ಎಂದರೆ ಮೆಲ್ಲಗೆ. ಥರ್ಮೋಸ್ಟಾಟಿಕ್ ವಾಲ್ವಿನ ಲೆಕ್ಕವೇ ಬೇರೆ. ಕೋಣೆ ಎಷ್ಟು ಬೆಚ್ಚಗಾದ ಮೇಲೆ ನೀರು ತಡೆಯಬೇಕು ಎಂಬುದಷ್ಟೇ ಅದರ ಅಂಕಿಯ ಅರ್ಥ. ಹೆಚ್ಚಿನ ಮಾದರಿಗಳಲ್ಲಿ 3 ಎಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್. ಹಿಮದ ಹರಳಿನ ಗುರುತು ಸುಮಾರು 7 ಡಿಗ್ರಿ. ಅದು ಕೊಳವೆಯ ನೀರು ಹೆಪ್ಪುಗಟ್ಟದಿರಲಿ ಎಂದು, ಮನುಷ್ಯರಿಗಲ್ಲ. ತಣ್ಣಗಿರುವ ಕೋಣೆ 20 ಡಿಗ್ರಿ ಮುಟ್ಟಲು ಗುಂಡಿ 3ರಲ್ಲಿದ್ದರೂ 5ರಲ್ಲಿದ್ದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. 5ರಲ್ಲಿದ್ದರೆ ಕಾವು ಅಲ್ಲಿಗೆ ನಿಲ್ಲುವುದಿಲ್ಲ, ಅಷ್ಟೇ. ಮೊಮ್ಮಗ ಬನಿಯನ್ನಿಗಿಳಿಯುತ್ತಾನೆ, ಸೊಸೆ ಕಿಟಕಿ ತೆಗೆಯುತ್ತಾಳೆ, ಸ್ಮಾರ್ಟ್ ಮೀಟರಿನ ಪರದೆಯಲ್ಲಿ ಪೌಂಡುಗಳು ಏರುವುದನ್ನು ನೋಡುತ್ತ ಮಗ ಬೆವರುತ್ತಾನೆ. ಮಾವನವರ ಮಫ್ಲರ್ ಮಾತ್ರ ಕಳಚುವುದಿಲ್ಲ. "ಮಾವ, ಅದು ಫ್ಯಾನಲ್ಲ" ಎಂದರೆ, "ಫ್ಯಾನಾಗಿದ್ದರೆ ಆಗಲೇ ಆರಿಸುತ್ತಿದ್ದೆನಲ್ಲಮ್ಮ" ಎಂಬ ಉತ್ತರ ಬರುತ್ತದೆ.

ಇಂಥ ಗುಂಡಿಯನ್ನು 1943ರಲ್ಲಿ ರೂಪಿಸಿದವರು ಡೆನ್ಮಾರ್ಕಿನ ಮ್ಯಾಡ್ಸ್ ಕ್ಲೌಸೆನ್. ಸಾಮಾನ್ಯ ಮಾದರಿಯಲ್ಲಿ ಕರೆಂಟಿನ ಗೊಡವೆಯಿಲ್ಲ. ಒಳಗೆ ಮೇಣವೋ ದ್ರವವೋ ಅನಿಲವೋ ತುಂಬಿದ ಪುಟ್ಟ ಕೋಶವಿರುತ್ತದೆ. ಸುತ್ತಲಿನ ಗಾಳಿ ಬೆಚ್ಚಗಾದಂತೆ ಅದು ಹಿಗ್ಗಿ ಕೆಳಗಿನ ಪಿನ್ನನ್ನು ಅದುಮುತ್ತದೆ, ನೀರಿನ ದಾರಿ ಕಿರಿದಾಗುತ್ತದೆ. ಗಾಳಿ ತಣಿದಾಗ ಸ್ಪ್ರಿಂಗು ಪಿನ್ನನ್ನು ಮೇಲೆತ್ತುತ್ತದೆ. ಅತ್ತೆಯವರು ಒದ್ದೆ ಸೀರೆಯನ್ನು ರೇಡಿಯೇಟರಿನ ಮೇಲೆ ಹರವಿ ಸೆರಗಿನಿಂದ ಗುಂಡಿಯನ್ನೂ ಮುಚ್ಚಿದರೆ, ಆ ಮರೆಯೊಳಗಿನ ಸೆಕೆಯನ್ನೇ ಕೋಣೆಯ ಹವೆಯೆಂದು ನಂಬಿ ಕೋಶ ನೀರು ತಡೆಯುತ್ತದೆ. ಸೀರೆ ಒಣಗುವುದಿಲ್ಲ, ಕೋಣೆ ಕಾಯುವುದಿಲ್ಲ, ಗೋಡೆಗೆ ಬೂಷ್ಟು ಬೋನಸ್. ಉದ್ದನೆಯ ಕರ್ಟನ್ನಿನದೂ ಇದೇ ಕತೆ.

ಈ ವಾಲ್ವಿಗೆ ಬಿಸಿಯನ್ನು ತಡೆಯುವ ಅಧಿಕಾರ ಉಂಟು, ತರಿಸುವ ಅಧಿಕಾರವಿಲ್ಲ. ಟೈಮರು ರಾತ್ರಿ ಹತ್ತಕ್ಕೆ ಬಾಯ್ಲರನ್ನು ಮಲಗಿಸಿದ ಮೇಲೆ ರೇಡಿಯೇಟರಿನ ಪಕ್ಕದಲ್ಲಿಟ್ಟ ಇಡ್ಲಿ ಹಿಟ್ಟು ಉಬ್ಬಲೆಂದು ಗುಂಡಿ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಇನ್ನು, ಗೋಡೆಯ ಥರ್ಮೋಸ್ಟಾಟ್ ಇರುವ ಕೋಣೆಯಲ್ಲಿ ಗುಂಡಿಯನ್ನು ಪೂರ್ತಿ ತೆರೆದಿಡಬೇಕು. ಇಲ್ಲವಾದರೆ ಅಲ್ಲಿ ಸಾಕಷ್ಟು ಬೆಚ್ಚಗಾಗುವುದೇ ಇಲ್ಲ, ಥರ್ಮೋಸ್ಟಾಟ್ ಬಾಯ್ಲರಿಗೆ ಬಿಡುವು ಕೊಡುವುದಿಲ್ಲ.

ಇನ್ನೊಂದು ತುದಿಯ ವಾಲ್ವಿಗೆ ಪ್ಲಾಸ್ಟಿಕ್ ಟೊಪ್ಪಿಗೆ. ಬಾಯ್ಲರಿಗೆ ಹತ್ತಿರದ ರೇಡಿಯೇಟರು ನೀರೆಲ್ಲ ಬಾಚಿಕೊಳ್ಳದೆ ದೂರದ್ದಕ್ಕೂ ಸಿಗಲೆಂದು ಪ್ಲಂಬರ್ ಅದನ್ನು ಅಳೆದು ಹೊಂದಿಸಿರುತ್ತಾನೆ. ಕುತೂಹಲಕ್ಕೆ ತಿರುಗಿಸುವಂಥದ್ದಲ್ಲ.

ರೇಡಿಯೇಟರಿನ ಬುಡ ಬಿಸಿ, ಮೇಲ್ಭಾಗ ತಣ್ಣಗೆ ಎಂದರೆ ಒಳಗೆ ಗಾಳಿ ಸೇರಿದೆ. ಹೀಟಿಂಗ್ ಆರಿಸಿ, ನೀರು ಆರಿದ ಮೇಲೆ ಮೇಲ್ತುದಿಯ ಪುಟ್ಟ ಸ್ಕ್ರೂವನ್ನು ಚೌಕದ ಕೀಲಿಯಿಂದ ಎಡಕ್ಕೆ ಕಾಲು ಸುತ್ತು ಬಿಡಿಸಬೇಕು. ಕೆಳಗೆ ಹಿಡಿಯಲು ಊರಿಂದ ತಂದ ಸ್ಟೀಲ್ ಚೊಂಬು ಧಾರಾಳ ಸಾಕು, ಜೊತೆಗೊಂದು ಹಳೆಯ ಬಟ್ಟೆ. ಸುಯ್ಯೆಂದು ಗಾಳಿ ಹೊರಡುತ್ತದೆ, ಗೊರಗೊರ ಎಂದು ಒಂದೆರಡು ಹನಿ ಕಾರುತ್ತದೆ, ಬಳಿಕ ನೀರು ಸಣ್ಣಗೆ ಚಿಮ್ಮುತ್ತದೆ. ತಕ್ಷಣ ಬಿಗಿಯಬೇಕು. ನೀರು ಕಪ್ಪಗಿದ್ದರೆ ಅದು ಕಬ್ಬಿಣದ ತುಕ್ಕಿನ ಕೆಸರು. ಅದು ತಳದಲ್ಲಿ ಕೂತ ರೇಡಿಯೇಟರಿಗೆ ಮೇಲೆ ಬಿಸಿ, ಕೆಳಗೆ ತಣ್ಣಗೆ. ಗಾಳಿ ಬಿಟ್ಟು ಫಲವಿಲ್ಲ, ತೊಳೆಸಬೇಕು. ಗಾಳಿ ತೆಗೆದ ಮೇಲೆ ಬಾಯ್ಲರಿನ ಮುಳ್ಳು ನೋಡಬೇಕು. ತಣ್ಣಗಿರುವಾಗ ಒತ್ತಡ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಇಳಿದಿದ್ದರೆ ನೀರು ತುಂಬಿಸಬೇಕು.

ಬೇಸಿಗೆಯಿಡೀ ಮುಚ್ಚಿದ ಗುಂಡಿಯ ಕೆಳಗೆ ಪಿನ್ ಅಂಟಿಕೊಳ್ಳುವುದುಂಟು. ಆದ್ದರಿಂದ ಆಗ ಪೂರ್ತಿ ತೆರೆದಿಡುವುದು ಲೇಸು. ಮಾವನವರ 5 ಸಲ್ಲುವುದು ಆ ತಿಂಗಳುಗಳಲ್ಲಿ. ಅಂಟಿಯೇಬಿಟ್ಟಿದ್ದರೆ ಗುಂಡಿ ಕಳಚಿ, ಪಿನ್ನನ್ನು ಗಟ್ಟಿ ವಸ್ತುವಿನಿಂದ ಮೆಲ್ಲಗೆ ಒತ್ತಿ ಬಿಡಬೇಕು, ಅದು ಪುಟಿದು ಮೇಲೇಳುವವರೆಗೆ. ಇಕ್ಕಳದಿಂದ ಎಳೆಯಬಾರದು. ಪಿನ್ ಕಿತ್ತು ಬಂದರೆ ಹಿಂದೆಯೇ ಕಪ್ಪು ನೀರೂ ಬರುತ್ತದೆ, ಕೆಳಗಿರುವುದು ಬಾಡಿಗೆ ಮನೆಯ ಕಾರ್ಪೆಟ್ಟು. ಇಷ್ಟನ್ನು ಮನೆಯವರೇ ಮಾಡಿಕೊಳ್ಳಬಹುದು. ಬಾಯ್ಲರಿನ ಗ್ಯಾಸ್ ಭಾಗಕ್ಕೆ ಮಾತ್ರ ಗ್ಯಾಸ್ ಸೇಫ್ ನೋಂದಣಿಯುಳ್ಳವರೇ ಕೈಹಾಕಬೇಕು; ಊರಲ್ಲಿ ಗೀಸರ್ ಬಿಚ್ಚಿ ಜೋಡಿಸಿದ ಅನುಭವ ಅಲ್ಲಿ ಲೆಕ್ಕಕ್ಕಿಲ್ಲ.