ತಟ್ಟೆಯ ಅರ್ಧ ಭಾಗದ ಫೋಟೋ

ಯಾವುದೋ ಮದುವೆಯ ಫೋಟೋದಲ್ಲಿ ನನ್ನ ಹೊಟ್ಟೆ ನೋಡಿ ಬೆಂಗಳೂರಿನ ಅಣ್ಣನ ಮಗಳು ಮರುಗಿದಳಂತೆ. ಮರುದಿನವೇ ವಾಟ್ಸಾಪಿನಲ್ಲಿ ಪಟ್ಟಿ ಬಂತು. ಉಣ್ಣುವುದರಲ್ಲಿ ಮುಕ್ಕಾಲು ಪಾಲು ಹಸಿಯಾಗಿರಬೇಕು. ಹಾಲು, ಮೊಸರು, ತುಪ್ಪದ ಹೆಸರೆತ್ತಬಾರದು. ಮೊದಲ ಸಾಲಿನಲ್ಲೇ ಕೇಲ್, ಅವೊಕಾಡೊ. ನಮ್ಮೂರು ಮಾನೋಪಾಡಿನಲ್ಲಿ ನಾನು ಅವೊಕಾಡೊ ಕೇಳಿದ್ದರೆ, ಹತ್ತಿಗೆ ಹೊಡೆಯುವ ಹೊಸ ಎಣ್ಣೆಯೆಂದು ತಿಳಿದು ಗೊಬ್ಬರದಂಗಡಿಯ ದಾರಿ ತೋರಿಸುತ್ತಿದ್ದರು.

ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲಕ್ಕೆ ನಡಿಗಡ್ಡ ಅನ್ನುತ್ತಾರೆ. ಅಂಗಡಿಯಲ್ಲಿ ತೆಲುಗು ಮಾತಾಡಿ ಮನೆಗೆ ಬಂದು ಕನ್ನಡದಲ್ಲಿ ಉಣ್ಣುವವರು ನಾವು. ಶ್ರೀರಾಮನವಮಿಗೆ ಪಕ್ಕದ ಮನೆಯವರು ಕೊಡುವ ವಡಪಪ್ಪು, ನಮ್ಮ ಹೊಸ್ತಿಲು ದಾಟಿದೊಡನೆ ಕೊಸಂಬರಿಯಾಗುತ್ತದೆ. ನೆನೆಸಿದ ಹೆಸರುಬೇಳೆ ಎರಡು ಕಡೆಯೂ ಒಂದೇ, ಒಲೆ ಕಾಣದ್ದು.

ಹೆಂಡತಿಗೆ ಪಟ್ಟಿ ಓದಿ ಹೇಳಿದೆ. ಆಕೆ ರಾಯಚೂರು ಕಡೆಯವಳು. "ಇದ್ರಾಗ ಹೊಸಾದೇನೈತ್ರಿ? ನಮ್ಮಪ್ಪ ಜೀವಮಾನ ಪೂರ್ತಿ ಇದನ್ನ ತಿಂದಾನ, ರೊಟ್ಟಿ ಜೊತಿ" ಅಂದಳು. ನಿಜವೇ. ಮಾವನವರು ಹೊಲದ ಬದುವಿನಲ್ಲಿ ನೆಲಕ್ಕಂಟಿ ಹಬ್ಬಿದ ಹಕ್ಕರಕಿಯನ್ನು ಕಿತ್ತು, ಬೇರಿನ ಮಣ್ಣು ಕೊಡವಿ, ಮುರಿದಲ್ಲಿ ಒಸರುವ ಬಿಳಿ ಹಾಲನ್ನು ಧೋತ್ರಕ್ಕೆ ಒರೆಸಿ, ಹಾಗೇ ರೊಟ್ಟಿಯಲ್ಲಿ ಮಡಚುತ್ತಿದ್ದರು. ಉಳ್ಳಾಗಡ್ಡಿಗೆ ಚಾಕು ಹಚ್ಚುವುದೆಂದರೆ ಅವರಿಗೆ ಅವಮಾನ. ನೆಲದ ಮೇಲಿಟ್ಟು ಒಂದು ಗುದ್ದು. ಕಣ್ಣಲ್ಲಿ ನೀರು ತರಿಸುವ ಖಾರವೆಲ್ಲ ಆ ಗುದ್ದಿಗೇ ಹೋಗುತ್ತದೆಂದು ಅವರ ನಂಬಿಕೆ. ಮೆಂತೆ ತಪ್ಪಲ, ಮೂಲಂಗಿ, ಸವತಿಕಾಯಿ, ಚಳಿಗಾಲಕ್ಕೆ ಗಿಡದ ಸಮೇತ ಹಸಿ ಕಡ್ಲಿ. ಇಷ್ಟಾಗಿಯೂ ತಾವು ಡಯಟ್ ಮಾಡುತ್ತಿದ್ದೇವೆಂಬುದು ಅವರಿಗೆ ತಿಳಿದಿರಲಿಲ್ಲ.

ನಾನು ಮಾತ್ರ ತಿಳಿದೇ ಶುರುಮಾಡಿದೆ. ಬೆಳಿಗ್ಗೆ ಮೊಳಕೆ ಹೆಸರುಕಾಳು, ಮಧ್ಯಾಹ್ನ ಒಂದು ಬುಟ್ಟಿ ತಪ್ಪಲ, ಸಂಜೆ ಹಣ್ಣು. ಸೀತಾಫಲದ ಕಾಲವಾದ್ದರಿಂದ ಹಣ್ಣಿಗೇನೂ ಬರವಿರಲಿಲ್ಲ. ದೇಶಕ್ಕೆಲ್ಲ ಹೆಸರಾದ ಬಾಳಾನಗರ ತಳಿ ನಮ್ಮ ಹಳೆಯ ಮಹಬೂಬನಗರ ಜಿಲ್ಲೆಯದೇ. ಕಷ್ಟ ಬಂದದ್ದು ಹಾಲು, ಮಜ್ಜಿಗೆ ಬಿಡುವುದರಲ್ಲಿ. ಶೇಂಗಾ ನೆನೆಸಿ ರುಬ್ಬಿ ಹಿಂಡಿದರೆ ಹಾಲಾಗುತ್ತದೆಂದು ಪಟ್ಟಿ ಹೇಳಿತ್ತು. ಆಗುತ್ತದೆ, ಬಣ್ಣದಲ್ಲಿ. ಅವ್ವ ಒಂದು ಗುಟುಕು ಕುಡಿದು, ಲೋಟವನ್ನು ಎಮ್ಮೆಯ ಕಡೆಗೆ ತಿರುಗಿಸಿ ಇಟ್ಟಳು, ಸಾಕ್ಷಿಗೆ ಕರೆದ ಹಾಗೆ.

ಈ ದಾರಿಯಲ್ಲಿ ಎಡವಿದವರಲ್ಲಿ ದೊಡ್ಡವರೂ ಇದ್ದಾರೆಂಬುದೇ ಸಮಾಧಾನ. 1929ರ ಆಂಧ್ರ ಪ್ರವಾಸದಲ್ಲಿ ಗಾಂಧೀಜಿಗೆ ರಾಜಮಂಡ್ರಿಯ ಸುಂದರಂ ಗೋಪಾಲರಾವ್ ಸಿಕ್ಕರು. ಬೆಂಕಿ ಮುಟ್ಟಿಸದ ಆಹಾರದ ಹುಚ್ಚು ಹಿಡಿಸಿದವರು ಅವರೇ. ಮೊಳಕೆ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು, ನಿಂಬೆ, ಜೇನು ಎಂದು ಲೆಕ್ಕವನ್ನೆಲ್ಲ ಗಾಂಧೀಜಿ ತಮ್ಮ ಪತ್ರಿಕೆ 'ಯಂಗ್ ಇಂಡಿಯಾ'ದಲ್ಲಿ ಬರೆದರು. ಕೆಲವು ತಿಂಗಳಲ್ಲೇ ಆಮಶಂಕೆ ಹತ್ತಿ ಪ್ರಯೋಗ ನಿಂತಿತು. ಅಣ್ಣನ ಮಗಳ ಪಟ್ಟಿಯ ಪ್ರಕಾರ ಜೇನೂ ನಿಷಿದ್ಧ; ಆ ಲೆಕ್ಕದಲ್ಲಿ ಮಹಾತ್ಮರೂ ನಪಾಸು.

ಏಳನೆಯ ದಿನ ನನಗೆ ಬುದ್ಧಿ ಓಡಿತು. ಹೆಸರುಕಾಳಿಗೆ ಮೊಳಕೆ ಬರುತ್ತದೆಂದರೆ ಜೋಳಕ್ಕೇಕೆ ಬರಬಾರದು? ಬಟ್ಟೆಯಲ್ಲಿ ಕಟ್ಟಿಟ್ಟೆ, ಎರಡು ದಿನಕ್ಕೆ ಅಂದವಾಗಿ ಚಿಗುರಿತು. ಗಂಟು ಬಿಚ್ಚುವಾಗ ಅವ್ವ ನೋಡಿದಳು.

"ತಿಂತೀ ಏನೋ ಇದನ್ನ?"

"ಹೂನವ್ವ, ಹಸೀದು."

"ಸಣ್ಣ ಜ್ವಾಳ ಮೇದು ನಮ್ಮ ಆಕಳ ಬಿದ್ದದ್ದು ಮರತ್ಯಾ?"

ಮರೆತಿದ್ದೆ. ಮಳೆ ಕೈಕೊಟ್ಟ ವರ್ಷ, ಬಾಡಿದ ಎಳೆ ಪೈರಿಗೆ ಬಾಯಿ ಹಾಕಿದ ಆಕಳು ಮನೆ ಮುಟ್ಟಲಿಲ್ಲ. ಎಳೆ ಜೋಳದಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ, ಅಗಿದರೆ ಸಯನೈಡ್ ಬಿಡುತ್ತದೆ. ಮೊಳಕೆಯಲ್ಲೂ ಅದೇ ಕತೆ. ಬಲಿತ ಕಾಳನ್ನು ಬೀಸಿ, ಕುದಿನೀರಲ್ಲಿ ನಾದಿ, ಬಡಿದು, ಹೆಂಚಿನ ಮೇಲೆ ಹಾಕುವ ಅವ್ವನಿಗೆ ಧುರಿನ್ ಗೊತ್ತಿಲ್ಲ, ಆಕಳು ಗೊತ್ತು. ಗಂಟು ತಿಪ್ಪೆಗೆ ಹೋಯಿತು. ದನ ಬಾಯಿ ಹಾಕದಂತೆ ಮೇಲೆ ಮಣ್ಣು ಎಳೆದು ಬಂದೆ.

ಹಾಗೆಂದು ಹಸಿ ಆಹಾರವನ್ನು ಹಳಿಯಲಾರೆ. ತೂಕ ಎರಡು ಕಿಲೋ ಇಳಿಯಿತು, ಹೊಟ್ಟೆ ಹಗುರ, ಮಧ್ಯಾಹ್ನದ ತೂಕಡಿಕೆ ಮಾಯ. ಆದರೆ ಮಾಂಸ, ಹಾಲು ಎರಡನ್ನೂ ಬಿಟ್ಟವರಿಗೆ ಬಿ12 ಮಾತ್ರೆ ಬೇಕೇಬೇಕು. ಅದು ಯಾವ ತಪ್ಪಲದಲ್ಲೂ ಇಲ್ಲ. ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ನಡೆಯುವುದರಿಂದ ಮೊದಮೊದಲು ಎಲ್ಲರೂ ಗೆದ್ದವರಂತೆಯೇ ಕಾಣುತ್ತಾರೆ. ಕೈಕಾಲು ಜುಮುಜುಮು ಅನ್ನುವುದು ಆಮೇಲೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮಂಥ ಊರಿನಲ್ಲಿ ಇನ್ನೊಂದು ಪೇಚಿದೆ: ಪಕ್ಕದ ಹೊಲಕ್ಕೆ ನಿನ್ನೆ ಎಣ್ಣೆ ಹೊಡೆದಿದ್ದರೆ, ಮಾವನವರಂತೆ ಧೋತ್ರಕ್ಕೆ ಒರೆಸಿ ತಿನ್ನಲಾಗುವುದಿಲ್ಲ. ಉಪ್ಪು ನೀರಲ್ಲಿ ಮೂರು ಸಲ ತೊಳೆಯುತ್ತೇನೆ. ತೊಳೆದು ಮುಗಿಯುವಷ್ಟರಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗಿರುತ್ತದೆ.

ಹನ್ನೊಂದನೆಯ ರಾತ್ರಿ ಆ ಸಪ್ಪಳದ ಮುಂದೆ ಕೂತುಬಿಟ್ಟೆ. ಅಷ್ಟರಲ್ಲಿ ಅಣ್ಣನ ಮಗಳ ಮೆಸೇಜು: ಇವತ್ತಿನ ತಟ್ಟೆ ತೋರಿಸು. ಹಕ್ಕರಕಿ, ಉಳ್ಳಾಗಡ್ಡಿ, ಸವತಿಕಾಯಿ ಇದ್ದ ಅರ್ಧವನ್ನಷ್ಟೇ ಹುಷಾರಾಗಿ ತೆಗೆದು ಕಳಿಸಿದೆ. ಉತ್ತರ ಕೂಡಲೇ ಬಂತು.

"ಕಾಕಾ, ಎಲ್ಲಾ ಸೂಪರ್. ಆ ಮೂಲ್ಯಾಗ ಉಬ್ಬಿದ್ದು ಏನದು?"