ಕಲ್ಪತರು ನಾಡಿನ ಸೌಂಡು ಮೀಮಾಂಸೆ

ಅವಿಘ್ನಮಸ್ತು. ತೆಂಗಿನ ಸೀಮೆಯಾದ ಕಲ್ಪತರು ನಾಡಿನ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳಲ್ಲಿ ಮನೆಯ ಒಳಕೋಣೆಗೆ ಚಿಲಕ ಹಾಕಿಕೊಂಡು, ಲ್ಯಾಪ್‌ಟಾಪ್ ಮುಂದೆ ಕೂತು ಹಾಡು ರೆಕಾರ್ಡ್ ಮಾಡುವ ಸಕಲ ಗಾಯಕರ ಸಂಕಟ ನಿವಾರಣೆಗಾಗಿ ಈ ಶಾಸ್ತ್ರವನ್ನು ಆರಂಭಿಸಲಾಗಿದೆ. ಸಂಕಟದ ಲಕ್ಷಣ ಹೀಗಿದೆ. ಮನೆಯ ಹಾಡನ್ನೂ ಬೆಂಗಳೂರು ಸ್ಟುಡಿಯೊದ ಹಾಡನ್ನೂ ಒಂದರ ಹಿಂದೊಂದು ಹಾಕಿದರೆ, ಮೊದಲನೆಯದಕ್ಕೆ ಸೌಂಡು ಏರಿಸಬೇಕು. ಎರಡನೆಯದು ಶುರುವಾಗುತ್ತಲೇ ಓಡಿಹೋಗಿ ಇಳಿಸಬೇಕು. ಜಾತ್ರೆಯ ಮೈಕ್‌ಸೆಟ್‌ನವನು ಇದನ್ನು ಕಂಡು, "ಯಾಕಣ್ಣ, ನಿಮ್ದು ಡಲ್ ಹೊಡೀತದಲ್ಲ" ಎಂದು ಕೊಡುವ ತೀರ್ಪೇ ಈ ಶಾಸ್ತ್ರಕ್ಕೆಲ್ಲ ಮೂಲಪ್ರಮಾಣ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಹೇಳಲೇಬೇಕು. ವಿಷಯ: ಸೌಂಡು. ಪ್ರಯೋಜನ: ಪಕ್ಕದ ಮನೆಯವರ ಅಸೂಯೆ. ಅಧಿಕಾರಿ: ಕಂಡೆನ್ಸರ್ ಮೈಕನ್ನು ಕಂತಿನ ಮೇಲೆ ಕೊಂಡು ಕಂತು ಇನ್ನೂ ತೀರದವನು. ಸಂಬಂಧ: ಮೈಕಿಗೂ ಲ್ಯಾಪ್‌ಟಾಪಿಗೂ ನಡುವಿನ ವೈರು, ಇದು ಆಗಾಗ ಲೂಸಾಗುತ್ತದೆ. ಇಲ್ಲಿ ಪೂರ್ವಸೂರಿಗಳ ನೆರವು ಕಡಿಮೆ. ಚಿಕ್ಕನಾಯಕನಹಳ್ಳಿ ತಾಲ್ಲೂಕು ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರು 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ಧ್ವನಿಯನ್ನು, ಎಂದರೆ ಕಾವ್ಯದ ಸೂಚ್ಯಾರ್ಥವನ್ನು, ವಿಸ್ತಾರವಾಗಿ ಚರ್ಚಿಸಿದ್ದಾರಾದರೂ, ಆಲಂಕಾರಿಕ ಆನಂದವರ್ಧನನ ವಸ್ತುಧ್ವನಿ, ಅಲಂಕಾರಧ್ವನಿ, ರಸಧ್ವನಿಗಳಲ್ಲಿ ಡೆಸಿಬಲ್ ಒಂದೂ ಇಲ್ಲ. ಅದೇ ತಾಲ್ಲೂಕಿನ ಮಣ್ಣಿನಿಂದ ಈ ಕೊರತೆ ನೀಗಲೆಂಬುದು ಪ್ರಬಂಧಕಾರನ ಆಶೆ.

ಮೊದಲ ಪೂರ್ವಪಕ್ಷ ಗುಂಡಿವಾದಿಗಳದು. ಗುಂಡಿ ತಿರುಗಿಸಿದರೆ ಸೌಂಡು ಏರುತ್ತದೆ, ಇನ್ನೂ ತಿರುಗಿಸಿದರೆ ಇನ್ನೂ ಏರುತ್ತದೆ ಎಂಬುದು ಇವರ ಮತ. ಖಂಡನೆ ಸುಲಭ. ಡಿಜಿಟಲ್ ಲೋಕದಲ್ಲಿ ಸೊನ್ನೆ ಡೆಸಿಬಲ್ಲೇ ಪರಬ್ರಹ್ಮ. ಸಮಸ್ತ ಜೀವರಾಶಿಯೂ ಅದರ ಕೆಳಗೆ ಮೈನಸ್‌ನಲ್ಲಿ ಬದುಕುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸೀಡಿಯಲ್ಲಿ ಪ್ರತಿ ಕ್ಷಣದ ಸದ್ದನ್ನೂ 65,536 ಮೆಟ್ಟಿಲುಗಳಲ್ಲಿ ಒಂದರ ಮೇಲೆ ನಿಲ್ಲಿಸುತ್ತಾರೆ. ತುದಿಯ ಮೆಟ್ಟಿಲಿನಾಚೆ ಮೆಟ್ಟಿಲೇ ಇಲ್ಲ. ಇಲ್ಲದ ಮೆಟ್ಟಿಲು ಹತ್ತಲು ಹೋದ ಅಲೆಯ ತಲೆ ಚಪ್ಪಟೆಯಾಗುತ್ತದೆ, ಹಾಡು ಪರಪರ ಎನ್ನುತ್ತದೆ. ಮೀಟರು ನೋಡುವುದು ತುದಿಯನ್ನು, ಕಿವಿ ಲೆಕ್ಕ ಹಿಡಿಯುವುದು ಸರಾಸರಿಯನ್ನು. ತಮಟೆಯ ಒಂದು ಏಟು ಸೊನ್ನೆ ಮುಟ್ಟಿತೆಂದರೆ ಮೀಟರು ಜಾಗವಿಲ್ಲ ಎನ್ನುತ್ತದೆ. ಆ ಏಟಿನ ಹಿಂದೆ ಹಾಡುಗಾರ ಎಲ್ಲೋ ಕೆಳಗೆ ಉಳಿದದ್ದರಿಂದ ಕಿವಿ ಸೌಂಡೇ ಇಲ್ಲ ಎನ್ನುತ್ತದೆ. ಇಬ್ಬರೂ ಸತ್ಯವಂತರು. ಸಾಲದ್ದಕ್ಕೆ, ಎರಡರಷ್ಟು ಗಟ್ಟಿ ಎನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಎಂದರೆ ಹತ್ತರಷ್ಟು ಶಕ್ತಿ.

ಎರಡನೆಯವರು ಲಿಮಿಟರ್‌ವಾದಿಗಳು. ತಮಟೆಯ ತಲೆ ತಗ್ಗಿಸಿ, ಉಳಿದದ್ದನ್ನೆಲ್ಲ ಒಟ್ಟಿಗೆ ಮೇಲಕ್ಕೆತ್ತುವುದು ಇವರ ಸಾಧನೆ. ವೇವ್ಸ್ ಕಂಪನಿಯ ಎಲ್1 ಲಿಮಿಟರ್ 1994ರಲ್ಲಿ ಬಂದ ಮೇಲೆ ಈ ಮತ ಜಗತ್ತನ್ನೇ ವ್ಯಾಪಿಸಿತು. ನಿನಗಿಂತ ನಾನು ಗಟ್ಟಿ ಎಂದು ಹಾಡುಗಳು ಕಿತ್ತಾಡಿದವು. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಎಷ್ಟು ಹಿಂಡಿಸಿಕೊಂಡಿತ್ತೆಂದರೆ, ಅದೇ ಹಾಡುಗಳು ವಿಡಿಯೊ ಗೇಮಿನೊಳಗೆ ಇನ್ನೂ ಚೆನ್ನಾಗಿವೆ ಎಂದು ಅಭಿಮಾನಿಗಳೇ ತಗಾದೆ ತೆಗೆದರು.

ಈ ಮತವನ್ನು ನಮ್ಮ ಸೀಮೆಯಲ್ಲಿ ಆಚರಿಸಿದಾಗ ಆಗುವ ಅನಾಹುತ ಪ್ರತ್ಯೇಕ ಭಾಷ್ಯಕ್ಕೆ ಯೋಗ್ಯ. ಮೇಲಕ್ಕೆತ್ತಿದಾಗ ಹಾಡೊಂದೇ ಏಳುವುದಿಲ್ಲ. ತೋಟದ ಪಂಪ್‌ಸೆಟ್ ಏಳುತ್ತದೆ. ಜೀರುಂಡೆ ಏಳುತ್ತದೆ. ಚರಣದ ಮಧ್ಯೆ ಸೋಗೆಯೊಂದು ಮರದಿಂದ ಕಳಚಿ ಬಿದ್ದದ್ದು ರೆಕಾರ್ಡ್ ಮಾಡುವಾಗ ಯಾರಿಗೂ ಕೇಳಿರಲಿಲ್ಲ. ಈಗ ಅದು ತಾಳವಾದ್ಯದ ಸ್ಥಾನಕ್ಕೆ ಏರಿದೆ. ಪಕ್ಕದ ಮನೆಯ ಧಾರಾವಾಹಿಯ ಸೊಸೆ ಪಲ್ಲವಿಗೆ ದನಿಗೂಡಿಸಿದ್ದಾಳೆ. ಗಾಯಕ ಉಸಿರು ತೆಗೆದುಕೊಂಡ ಸಂದಿಯಲ್ಲಿ ಅಡುಗೆಮನೆಯಿಂದ ಅಜ್ಜಿ, "ಲೋ, ಕಾಫಿ ಆರೋಗ್ತದೆ ಬಾರೋ" ಎಂದದ್ದು ಸ್ಫಟಿಕದಂತೆ ಕೇಳುತ್ತದೆ. ಲಿಮಿಟರಿಗೆ ಭೇದಭಾವವಿಲ್ಲ, ಅದರ ಕಣ್ಣಿಗೆ ಅಜ್ಜಿಯೂ ಗಾಯಕನೂ ಒಂದೇ. ನಿಜ ಹೇಳಬೇಕೆಂದರೆ ಕೆಲವು ಹಾಡುಗಳಲ್ಲಿ ಅಜ್ಜಿಯ ಭಾಗವೇ ಶ್ರುತಿಶುದ್ಧ.

ಇನ್ನು ಸಿದ್ಧಾಂತ. ಇದಕ್ಕೆ ಕೊಬ್ಬರಿವಾದವೆಂದು ಪ್ರಬಂಧಕಾರ ನಾಮಕರಣ ಮಾಡಿದ್ದಾನೆ. ಬಲಿತ ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗಿಟುಕಾಗುತ್ತದೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿ: ನೀರಿದ್ದದ್ದು ಕುಳಕುಳ, ಗಿಟುಕಾದದ್ದು ಲೊಟಲೊಟ. ಯಾವ ರೈತನೂ ಕಾಯಿಯೊಳಕ್ಕೆ ಸದ್ದು ಸುರಿದಿಲ್ಲ. ನೀರು ಹೋಯಿತು, ಸದ್ದು ಬಂತು. (ಉಂಡೆ ಕೊಬ್ಬರಿಗೆ 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಹಾಡಿಗೆ ಬೆಂಬಲ ಬೆಲೆ ಇನ್ನೂ ಪ್ರಕಟವಾಗಿಲ್ಲ.)

ಹಾಡಿನೊಳಗಿನ ನೀರು ಯಾವುದು? ಮೊದಲನೆಯದು, 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ಗುಟ್ಟುವಿಕೆ. ಹಾಡುವ ಗಂಟಲಿನಿಂದ ಅಲ್ಲಿಗೆ ಇಳಿಯುವುದು ಹೆಚ್ಚೇನಿಲ್ಲ. ಅಲ್ಲಿರುವುದು ಮೇಜಿನ ಅದುರು, ಹೆದ್ದಾರಿಯ ಲಾರಿ, 50 ಹರ್ಟ್ಸ್ ಕರೆಂಟು. ಮೊಬೈಲ್ ಸ್ಪೀಕರಿನಲ್ಲಿ ಕೇಳಿಸದೆಯೇ ಇದು ಸೊನ್ನೆಯ ಕೆಳಗಿನ ಜಾಗವನ್ನೆಲ್ಲ ಒತ್ತುವರಿ ಮಾಡಿಕೊಂಡಿರುತ್ತದೆ. ಎರಡನೆಯದು ಗೋಡೆಯ ಪ್ರತಿಧ್ವನಿ. ಇದಕ್ಕೆ ಮೊಟ್ಟೆ ಟ್ರೇ ಅಂಟಿಸುವುದು ಲೋಕರೂಢಿ; ಫಲ ಅತ್ಯಲ್ಪ. ದಪ್ಪ ಕಂಬಳಿ, ಹಾಸಿಗೆ, ತೆಂಗಿನ ನಾರಿನ ದಪ್ಪ ಮ್ಯಾಟು ಇವು ನಿಜಕ್ಕೂ ಹೀರುತ್ತವೆ. ನಾರನ್ನು ಲಾರಿಗೆ ತುಂಬಿ ಹೊರಗೆ ಕಳಿಸಿ, ಆನ್‌ಲೈನಿನಲ್ಲಿ ಫೋಮ್ ತರಿಸಿಕೊಳ್ಳುವ ಕಲ್ಪತರು ನಾಡಿನ ಗಾಯಕನ ಬಗ್ಗೆ ಶಾಸ್ತ್ರ ಮೌನ ವಹಿಸುತ್ತದೆ. ಮೂರನೆಯದು, ಕೀಬೋರ್ಡು, ಗಿಟಾರು, ಗಾಯಕ ಮೂವರೂ ಒಂದೇ ಸ್ಥಾಯಿಯಲ್ಲಿ ಒಬ್ಬರ ಕಾಲು ಒಬ್ಬರು ತುಳಿಯುವುದು. ಕೀಬೋರ್ಡು ಸುಮ್ಮನಿರಬೇಕು. ಅದನ್ನು ನುಡಿಸುವವನು ಬಾವಮೈದುನನಾದರೆ ಈ ವಿಧಿ ಅನ್ವಯಿಸದು.

ಕಿವಿಯ ಪಕ್ಷಪಾತವನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಬೆಲ್ ಲ್ಯಾಬ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಇದನ್ನು ಅಳೆದು ಗೆರೆ ಎಳೆದು ತೋರಿಸಿದರು: ಮೂರ್ನಾಲ್ಕು ಸಾವಿರ ಹರ್ಟ್ಸ್ ಸುತ್ತಮುತ್ತ ಕಿವಿ ಅತಿ ಚುರುಕು, ತೀರಾ ಕೆಳಗಿನ ಸ್ವರಕ್ಕೆ ಮಂದ. ನಮ್ಮ ಮೂಡಲಪಾಯ ಯಕ್ಷಗಾನದವರು ಗೆರೆ ಎಳೆಯಲಿಲ್ಲ, ಮುಖವೀಣೆ ಊದಿದರು. ಆ ಪುಟ್ಟ ವಾದ್ಯದ ಕೀರಲು ದನಿ ಮದ್ದಳೆಯನ್ನೂ ದಾಟಿ, ಮೈಕಿಲ್ಲದ ಕಾಲದಲ್ಲಿ, ಅರ್ಧ ನಿದ್ದೆಯಲ್ಲಿದ್ದ ಹಿಂದಿನ ಸಾಲಿನವನನ್ನೂ ಎಬ್ಬಿಸುತ್ತಿತ್ತು. ಪಕ್ಕದ ಗುಬ್ಬಿಯ ವೀರಣ್ಣನವರ ಕಂಪನಿಯ ಕಾಲದಲ್ಲಿ ನಾಟಕದವರು ಎದೆ ತುಂಬಿ ಕೂಗಿ ಹಾಡಲೇಬೇಕಿತ್ತು. ಮುಂದೆ ಮದ್ರಾಸಿನ ಸ್ಟುಡಿಯೊಗಳಲ್ಲಿ ಪಿ.ಬಿ. ಶ್ರೀನಿವಾಸ್ ಮೈಕಿನ ಹತ್ತಿರ ನಿಂತು ಮೆಲ್ಲಗೆ ಹಾಡಿದರು. ಇಡೀ ವಾದ್ಯವೃಂದದ ಮುಂದೆ ಆ ಮೆಲುದನಿಯೇ ಎದ್ದು ಕೇಳುತ್ತದೆ. ವೃಂದದವರಿಗೆ ಯಾವಾಗ ಬಾಯಿ ಮುಚ್ಚಬೇಕೆಂದು ಗೊತ್ತಿತ್ತು. ಸ್ಟುಡಿಯೊ ಸೌಂಡಿನ ಬಹುಭಾಗ ಇಷ್ಟೇ ಎಂದು ಪ್ರಬಂಧಕಾರನ ಅಭಿಪ್ರಾಯ. ಪ್ಲಗಿನ್ ಮಾರುವವರು ಒಪ್ಪಲಿಕ್ಕಿಲ್ಲ.

ಇಷ್ಟರ ಮೇಲೂ ಹಟ ಬಿಡದವರಿಗೆ ಕೊನೆಯ ಪ್ರಮಾಣ. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಬಿಎಸ್ 1770 ಎಂಬ ಮಾನದಂಡ ಹೊರಡಿಸಿ, ತುದಿಯನ್ನಲ್ಲ, ಕಿವಿಗೆ ಅನ್ನಿಸುವ ಗಟ್ಟಿತನವನ್ನೇ ಅಳೆಯುವ ದಾರಿ ಮಾಡಿತು. ಆ ಅಳತೆಗೆ ಎಲ್‌ಯುಎಫ್‌ಎಸ್ ಎಂದು ಹೆಸರು. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ ಮೈನಸ್ 14ಕ್ಕೆ ತಂದು ಕೇಳಿಸುತ್ತದೆ. ಯೂಟ್ಯೂಬ್ ಕೂಡ ಅತಿ ಗಟ್ಟಿಯಾದದ್ದನ್ನು ತಾನೇ ತಗ್ಗಿಸುತ್ತದೆ. ರಾತ್ರಿಯೆಲ್ಲ ಹಿಂಡಿ ಮೈನಸ್ 7ಕ್ಕೆ ಏರಿಸಿದವನ ಹಾಡು ಅಲ್ಲಿ ಏಳು ಮೆಟ್ಟಿಲು ಇಳಿದು, ಸುಮ್ಮನೆ ಬಿಟ್ಟವನ ಪಕ್ಕದಲ್ಲೇ ಕೂರುತ್ತದೆ, ಅದೂ ಚಪ್ಪಟೆ ತಲೆಯೊಂದಿಗೆ.

ಆದ್ದರಿಂದ ಮೂರೂ ತಾಲ್ಲೂಕುಗಳ ಗಾಯಕ ಬಂಧುಗಳಲ್ಲಿ ವಿನಂತಿ: ಲಿಮಿಟರ್ ಕೊಳ್ಳಲು ಎತ್ತಿಟ್ಟ ದುಡ್ಡಿನಲ್ಲಿ ಎರಡು ನಾರಿನ ಮ್ಯಾಟು ತನ್ನಿ, ಮೈಕಿಗೆ ಒಂದು ಗೇಣು ಹತ್ತಿರ ಬನ್ನಿ, ಹಾಡು ಶುರುವಾಗುವ ಮುಂಚೆ ತೋಟಕ್ಕೆ ಹೋಗಿ ಪಂಪ್‌ಸೆಟ್ ಆಫ್ ಮಾಡಿ, ಅಜ್ಜಿ ಕೊಟ್ಟ ಕಾಫಿಯನ್ನು ಮೊದಲೇ ಕುಡಿದು ಬನ್ನಿ.